ಅಂಚಿನ ಪಾತಿಗೆ ಬಂದ ಕಾಂಗ್ರೆಸ್ ಗಿಡ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಕಾಂಪೌಂಡಿನ ಉದ್ದಕ್ಕೂ ಗುಲಾಬಿ, ದಾಸವಾಳ ಇರುವ ಪಾತಿಗೆ ಬೇಸಿಗೆಯಲ್ಲಿ ಒಂದು ಲೋಡ್ ಕೆಂಪು ಮಣ್ಣು ಹಾಕಿಸಿದೆವು. ಮಳೆ ಬಿದ್ದ ಮೇಲೆ ಸೇವಂತಿಗೆಯಂಥ ಎಲೆಯ ಗಿಡಗಳು ತುಂಬಿಕೊಂಡು, ಈಗ ಬಿಳಿ ಹೂ ಬಿಟ್ಟಿವೆ. ಅವನ್ನು ಕಿತ್ತ ನಮ್ಮ ಅತ್ತೆಯವರ ಕೈ ತುರಿಕೆಯಿಂದ ಕೆಂಪಾಯಿತು. ಇವನ್ನು ಗೊಬ್ಬರದ ಗುಂಡಿಗೆ ಹಾಕಬಹುದೇ? ಕಳೆನಾಶಕ ಸಿಂಪಡಿಸಬಹುದೇ?

ಉತ್ತರ: ನೀವು ಬರೆದ ಲಕ್ಷಣಗಳು ಪಾರ್ಥೇನಿಯಂ, ಅಂದರೆ ನಮ್ಮ ಕಡೆ ಕಾಂಗ್ರೆಸ್ ಗಿಡವೆನ್ನುವ ಕಳೆಯವು. ಎಳೆಯದಿದ್ದಾಗ ಇದರ ಎಲೆಗಳು ನೆಲಕ್ಕೆ ಅಂಟಿದಂತೆ ಸುತ್ತಲೂ ಹರಡಿರುತ್ತವೆ; ಬಲಿತಾಗ ಗೆರೆಗೆರೆಯಾದ ಕಾಂಡ ನೆಟ್ಟಗೆ ಎದ್ದು, ಕವಲೊಡೆದು, ಕೊತ್ತಂಬರಿ ಕಾಳಿನಷ್ಟು ಸಣ್ಣ ಬಿಳಿ ಹೂಗಳನ್ನು ಬಿಡುತ್ತದೆ. ಸೇವಂತಿಗೆಯ ಎಲೆ ದಪ್ಪ. ಇದರದು ತೆಳು, ಸಣ್ಣಗೆ ಸೀಳಿಕೊಂಡದ್ದು.

ತುರಿಕೆಗೆ ಕಾರಣ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು. ಒಮ್ಮೆ ಅಲರ್ಜಿ ಕಾಣಿಸಿಕೊಂಡವರಿಗೆ ಮತ್ತೆ ಸೋಂಕಿದಾಗ ಅದು ಹೆಚ್ಚಾಗಬಹುದಾದ್ದರಿಂದ ನಿಮ್ಮ ಅತ್ತೆಯವರು ಇನ್ನು ಈ ಕೆಲಸಕ್ಕೆ ಕೈಹಾಕದಿರಲಿ. ತುರಿಕೆ ಇಳಿಯದಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಕೀಳುವವರು ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ ಧರಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮಳೆ ಬಂದ ಮರುದಿನ ಮಣ್ಣು ಮೆತ್ತಗಿರುವಾಗ ಬುಡ ಹಿಡಿದು ಬೇರುಸಹಿತ ಎಳೆಯಬೇಕು. ಮೇಲೆ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಹೂ ಬಿಡದ ಗಿಡವನ್ನು ಗುಂಡಿಗೆ ಹಾಕಬಹುದು, ಹೂ ಬಿಟ್ಟದ್ದನ್ನು ಖಂಡಿತ ಬೇಡ. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಮನೆಯ ಗುಂಡಿಯ ಕಾವಿಗೆ ಅವೆಲ್ಲ ಸಾಯುತ್ತವೆಂದು ನಂಬಲಾಗದು. ಕೊಡವದೆ ಚೀಲಕ್ಕೆ ತುಂಬಿ ಬಾಯಿ ಬಿಗಿದುಬಿಡಿ.

ನಿಮ್ಮ ಪಾತಿಗೆ ಕಳೆನಾಶಕವನ್ನು ನಾನು ಹೇಳುವುದಿಲ್ಲ. ಗ್ಲೈಫೋಸೇಟ್ ಗಾಳಿಗೆ ತೂರಿ ಎಲೆಗೆ ತಾಗಿದರೆ ಗುಲಾಬಿ, ದಾಸವಾಳಗಳೂ ಕೆಡುತ್ತವೆ. ಉಪ್ಪುನೀರು ಹೊಡೆಯುವುದು ಬೀಳುನೆಲದ ಉಪಾಯ. ಹೂಪಾತಿಗೆ ಹಾಕಿದರೆ ಮಣ್ಣೇ ಹಾಳು. ಎಲೆಯ ಮೇಲೆ ಕಂದು ಗೆರೆಗಳ ಬಿಳಿಚು ದುಂಬಿಗಳು ಕಂಡರೆ ಕೊಲ್ಲಬೇಡಿ: ಇದೇ ಕಳೆಯನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕನ್ ದುಂಬಿಯ ಸಂತತಿಯಿರಬೇಕು.

ಈಗಾಗಲೇ ಉದುರಿದ ಬೀಜ ನೀರು ಸಿಕ್ಕಾಗಲೆಲ್ಲ ಮೊಳೆಯುತ್ತಿರುತ್ತದೆ, ಮೊಳೆತ ನಾಲ್ಕಾರು ವಾರಗಳಲ್ಲೇ ಹೂವಿಗೆ ಬರುತ್ತದೆ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಪಾತಿಯನ್ನು ನೋಡಿ, ಬರಿ ನೆಲಕ್ಕೆ ತರಗೆಲೆ ಇಲ್ಲವೇ ತೆಂಗಿನ ನಾರನ್ನು ದಪ್ಪಗೆ ಹೊದಿಸಿ, ನಡುವೆ ಚೆಂಡುಹೂವನ್ನು ಒತ್ತಾಗಿ ಬೆಳೆಸಿ. ಮುಂದೆ ಮಣ್ಣು ತರಿಸಿದಾಗ ಅದನ್ನು ಒಂದು ಮೂಲೆಯಲ್ಲಿ ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಮೊಳೆತದ್ದನ್ನೆಲ್ಲ ಕಿತ್ತ ಮೇಲಷ್ಟೇ ಪಾತಿಗೆ ಹಾಕಿ.