ದೊಡ್ಡ ಕರುಳಿನಿಂದ ಅನ್ನನಾಳ ಮಾಡಿದರೆ ಮೊದಲಿನಂತೆ ಊಟ ಮಾಡಬಹುದಾ?

ಬಾಯಿಂದ ಊಟ ಮಾಡಬಹುದು. ಮೊದಲಿನಂತೆ ಅಂತ ಮಾತ್ರ ನಾನು ಹೇಳಲಾರೆ.

ನಿಮ್ಮ ತಮ್ಮ ನೀರು ಅಂದುಕೊಂಡು ಟಾಯ್ಲೆಟ್ ಆಸಿಡ್ ಕುಡಿದ, ಅನ್ನನಾಳ ಮುಚ್ಚಿಹೋಗಿದೆ, ಜಠರವೂ ಸುಟ್ಟಿದೆ ಅಂತ ಬರೆದಿದ್ದೀರಿ. ನನ್ನ ಹೆಂಡತಿಗೂ ಹೀಗೇ ಆಗಿತ್ತು. ನಾವು ಬಾಗಲಕೋಟೆ ಕಡೆಯವರು, ಆಪರೇಷನ್ ಬೆಳಗಾವಿಯಲ್ಲಿ ಮಾಡಿಸಿದೆವು.

ಜಠರ ಚೆನ್ನಾಗಿದ್ದರೆ ಸಾಮಾನ್ಯವಾಗಿ ಅದನ್ನೇ ಮೇಲಕ್ಕೆಳೆದು ಅನ್ನನಾಳ ಮಾಡುತ್ತಾರೆ. ಅದೂ ಸುಟ್ಟಿದ್ದರೆ ದೊಡ್ಡ ಕರುಳು. ಇದೇನೂ ಹೊಸ ಪ್ರಯೋಗವಲ್ಲ, 1911ರಿಂದ ಇದೆ. ಕರುಳಿನ ಒಂದು ಭಾಗವನ್ನು ಅದರ ರಕ್ತನಾಳದ ಸಮೇತ, ಹೆಚ್ಚಾಗಿ ಎದೆಮೂಳೆಯ ಹಿಂದಿನಿಂದ, ಕುತ್ತಿಗೆವರೆಗೆ ತರುತ್ತಾರೆ. ಆ ರಕ್ತನಾಳ ಕೈಕೊಟ್ಟರೆ ಕರುಳು ಸತ್ತುಹೋಗುತ್ತದೆ, ಮತ್ತೆ ಆಪರೇಷನ್ ಮಾಡಿ ತೆಗೆಯಬೇಕು, ಜೀವಕ್ಕೂ ಅಪಾಯ. ಎಲ್ಲರಿಗೂ ಆಗುವುದಿಲ್ಲ, ಆದರೆ ಮೊದಲ ದಿನಗಳ ದೊಡ್ಡ ಭಯ ಇದೇ. ಅದಕ್ಕೇ ಈ ಆಪರೇಷನ್ ಮಾಡಿ ಪಳಗಿದ ಕೈಯನ್ನೇ ಹುಡುಕಿ.

ಜಾಸ್ತಿ ಕಾಡುವುದು ಕುತ್ತಿಗೆಯ ಜೋಡಣೆ. ನನ್ನ ಹೆಂಡತಿಗೆ ಅಲ್ಲಿ ಸೋರಿತು, ಕುಡಿಯದಿದ್ದರೂ ಬ್ಯಾಂಡೇಜ್ ಎಂಜಲಿನಿಂದ ಒದ್ದೆಯಾಗುತ್ತಿತ್ತು. ನಾವು ಕಂಗಾಲಾದೆವು. ಹೊಟ್ಟೆಯ ಟ್ಯೂಬಿನಿಂದಲೇ ಆಹಾರ ಕೊಡುತ್ತಾ ಹೋದೆವು, ತಾನಾಗಿಯೇ ಮುಚ್ಚಿಕೊಂಡಿತು. ಆಮೇಲೆ ಅದೇ ಜಾಗ ಬಿಗಿಯಾಯಿತು. ಎಂಡೋಸ್ಕೋಪಿ ಮಾಡಿ ಹಿಗ್ಗಿಸಿದರು, ಒಂದೇ ಸಲಕ್ಕೆ ಮುಗಿಯಲಿಲ್ಲ. ಹಿಗ್ಗಿಸಬೇಕಾಗಿ ಬಂತು ಅಂದರೆ ಆಪರೇಷನ್ ಕೆಟ್ಟಿತು ಅಂತ ಅಲ್ಲ, ದಯವಿಟ್ಟು ಧೈರ್ಯಗೆಡಬೇಡಿ.

ಈಗ ಆಕೆ ಎಲ್ಲರ ಜೊತೆ ಕೂತು ಊಟ ಮಾಡುತ್ತಾಳೆ. ಆದರೆ ಕರುಳು ಅನ್ನನಾಳದಷ್ಟು ಜೋರಾಗಿ ತುತ್ತನ್ನು ತಳ್ಳುವುದಿಲ್ಲ, ಬಹುಮಟ್ಟಿಗೆ ತುತ್ತು ತನ್ನ ಭಾರಕ್ಕೇ ಇಳಿಯಬೇಕು. ಹೀಗಾಗಿ ನೆಟ್ಟಗೆ ಕೂತು, ಸಣ್ಣ ತುತ್ತು, ನಡುನಡುವೆ ಗುಟುಕು ನೀರು. ಖಡಕ್ ರೊಟ್ಟಿಯನ್ನು ಮುರಿದು ಬೇಳೆಸಾರಿನಲ್ಲಿ ಪೂರ್ತಿ ನೆನೆಸಿಕೊಳ್ಳುತ್ತಾಳೆ. ನುಚ್ಚು ಮಜ್ಜಿಗೆ ಸಲೀಸು. ಹೋಳಿಗೆ ಜಾಸ್ತಿ ತಿಂದರೆ ಸ್ವಲ್ಪ ಹೊತ್ತಿಗೆ ಬೆವರು, ಎದೆಬಡಿತ, ಭೇದಿ. ಉಂಡ ತಕ್ಷಣ ಮಲಗುವಂತಿಲ್ಲ, ಮಂಚದ ತಲೆಯ ಕಡೆಗೆ ಇಟ್ಟಿಗೆ ಇಟ್ಟಿದ್ದೇವೆ. ಇಲ್ಲದಿದ್ದರೆ ರಾತ್ರಿ ಹುಳಿನೀರು ಗಂಟಲಿಗೆ ಬಂದು ಕೆಮ್ಮು. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಒಂದು ಮಾತನ್ನು ಡಾಕ್ಟರ್ ಹತ್ತಿರ ತಪ್ಪದೆ ಕೇಳಿ: ಗಂಟಲು, ಧ್ವನಿಪೆಟ್ಟಿಗೆ ಎಷ್ಟು ಸುಟ್ಟಿದೆ? ಅಲ್ಲಿ ಪೆಟ್ಟಾಗಿದ್ದರೆ ಹೊಸ ನಾಳ ಎಷ್ಟೇ ಚೆನ್ನಾಗಿ ಕೂತರೂ ನುಂಗುವುದೇ ಕಷ್ಟ. ಅಂಥವರು ನುಂಗುವುದನ್ನು ಹೊಸದಾಗಿ ಕಲಿಯಬೇಕು, ಅದಕ್ಕೆ ತಿಂಗಳುಗಳೇ ಬೇಕು.

ಆಪರೇಷನ್ನಿಗೆ ಕೆಲವು ತಿಂಗಳು ಕಾಯಿರಿ ಅಂದರೆ ಸುಮ್ನೆ ಮುಂದೂಡುತ್ತಿದ್ದಾರೆ ಅಂದುಕೊಳ್ಳಬೇಡಿ. ಸುಟ್ಟ ಗಾಯ ಬಿಗಿಯುವುದು ನಿಲ್ಲಬೇಕು, ತಮ್ಮನ ತೂಕವೂ ಏರಬೇಕು, ಅಲ್ವಾ? ಆಪರೇಷನ್ ಆದ ಮೇಲೂ ವರ್ಷವರ್ಷ ತೋರಿಸುತ್ತಿರಿ. ಕೆಲವರಿಗೆ ಎಷ್ಟೋ ವರ್ಷಗಳ ನಂತರ ಆ ಕರುಳು ಉದ್ದವಾಗಿ ಬಾಗಿ, ಊಟ ಅಲ್ಲೇ ನಿಲ್ಲುತ್ತದೆ. ಹೊಟ್ಟೆಯ ಟ್ಯೂಬ್ ತೆಗೆಸಲು ಅವಸರ ಬೇಡ. ಬಾಯಿಂದ ಉಂಡೇ ತೂಕ ನಿಲ್ಲುತ್ತದೆ ಅಂತ ಖಾತ್ರಿಯಾಗಲಿ, ಆಮೇಲೆ ತೆಗೆಸಿ.