ಓದುಗರ ಪ್ರಶ್ನೆ: ನನ್ನ ಪಿನ್ ನನಗೊಬ್ಬಳಿಗೇ ಗೊತ್ತಿರಲಿ

ಪ್ರಶ್ನೆ: ನಮ್ಮೂರಿನ ಅಡಿಕೆ ಬೆಳೆಗಾರರ ಸಹಕಾರ ಸಂಘಕ್ಕೆ ಮೊಬೈಲ್ ಆ್ಯಪ್ ಮಾಡಿಕೊಡುತ್ತಿದ್ದೇನೆ. ಸದಸ್ಯರು ಅದರಲ್ಲಿ ಮಾರಾಟದ ಲೆಕ್ಕ, ಸಾಲದ ಬಾಕಿ ನೋಡಬಹುದು, ಹಣವನ್ನೂ ಕಟ್ಟಬಹುದು. ಒಬ್ಬ ಸದಸ್ಯರಿಗೆ ಕಣ್ಣು ಕಾಣುವುದಿಲ್ಲ, ಇನ್ನೊಬ್ಬರಿಗೆ ಕೈ ನಡುಗುತ್ತದೆ. ಇಂಥವರಿಗೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುವ, ಎರಡೇ ಬಟನ್ ಇರುವ ಬೇರೆ ಆ್ಯಪ್ ಮಾಡಿದರೆ ಒಳ್ಳೆಯದಲ್ಲವೇ? ಹಣ ಕಟ್ಟುವುದನ್ನು ಮನೆಯವರು ಮಾಡಿಕೊಡಬಹುದು.
– ಓದುಗ, ಶಿರಸಿ

ಉತ್ತರ: ಆ ಇಬ್ಬರ ನೆನಪು ನಿಮಗಾಯಿತಲ್ಲ, ಅದಕ್ಕೆ ಮೊದಲು ಕೃತಜ್ಞತೆ. ಆದರೆ ಬೇರೆ ಆ್ಯಪ್ ಬೇಡ. ‘ಮನೆಯವರು ಮಾಡಿಕೊಡಬಹುದು’ ಎಂಬ ಮಾತಂತೂ ಬೇಡವೇ ಬೇಡ.

ನಾನು ಒಂಬತ್ತನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವಳು. ಕೆಲವು ವರ್ಷಗಳ ಹಿಂದೆ ಒಂದು ಆ್ಯಪ್‌ನಲ್ಲಿ ಕರೆಂಟ್ ಬಿಲ್ ಕಟ್ಟಲು ಕುಳಿತಿದ್ದೆ. ಬೆರಳಿಟ್ಟಲ್ಲಿ ಏನಿದೆ ಎಂಬುದನ್ನು ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಓದಿ ಹೇಳುತ್ತದೆ. ಅಂದು ಅದು ಹೇಳಿದ್ದು ಇಷ್ಟೇ: “ಹೆಸರಿಲ್ಲದ ಬಟನ್. ಹೆಸರಿಲ್ಲದ ಬಟನ್.” ಒಂದು ಹಣ ಕಟ್ಟುವುದು, ಇನ್ನೊಂದು ರದ್ದು ಮಾಡುವುದು. ಯಾವುದು ಯಾವುದೆಂದು ತಿಳಿಯದೆ ಪಕ್ಕದ ಮನೆಯ ಹುಡುಗನನ್ನು ಕರೆದು ಫೋನ್ ಕೊಟ್ಟೆ, ಪಿನ್ ಸಂಖ್ಯೆಯನ್ನೂ ಹೇಳಿದೆ. ಬಿಲ್ ಕಟ್ಟಿ ಮುಗಿಸಿದವನು, “ಆಂಟಿ, ನಿಮ್ಮ ಖಾತೆಯಲ್ಲಿ ಇನ್ನು ಇಷ್ಟೇ ಇದೆ” ಎಂದು ಮೊತ್ತವನ್ನು ಓದಿದ. ಒಳ್ಳೆಯ ಹುಡುಗ, ಸಹಾಯ ಮಾಡಲೆಂದೇ ಬಂದವನು. ಆದರೆ ನನ್ನ ಬಳಿ ಎಷ್ಟು ಹಣವಿದೆ ಎಂದು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎನ್ನುವುದು ಅಲ್ಲಿಯವರೆಗೆ ನನ್ನ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಅದನ್ನು ಆ ಎರಡು ಬಟನ್‌ಗಳು ಕಿತ್ತುಕೊಂಡವು. ನಿಮ್ಮ ಸದಸ್ಯರಿಗೂ ಮಗನ ಕಿವಿಗೆ ಹಾಕದ ಒಂದು ಸಾಲ ಇರಬಹುದು. ಇದ್ದರೆ ಅದು ಅವರ ಗುಟ್ಟು.

ಬಟನ್‌ಗೆ ಒಳಗಿನಿಂದ ಹೆಸರು ಕೊಡುವುದು ನಿಮಗೆ ಒಂದು ಸಾಲಿನ ಕೆಲಸ. ಆಂಡ್ರಾಯ್ಡ್‌ನಲ್ಲಿ ಅದನ್ನು ‘ಕಂಟೆಂಟ್ ಡಿಸ್ಕ್ರಿಪ್ಷನ್’ ಎನ್ನುತ್ತಾರೆ. ಅಲ್ಲಿ ‘ಹಣ ಕಟ್ಟಿ’ ಎಂದು ಕನ್ನಡದಲ್ಲೇ ಬರೆಯಿರಿ. ಗಟ್ಟಿಯಾಗಿ ಓದುವ ಏರ್ಪಾಡನ್ನು ನೀವು ಬೇರೆ ಮಾಡಬೇಕಾಗಿಲ್ಲ. ಟಾಕ್‌ಬ್ಯಾಕ್ ಓದುತ್ತಿರುವಾಗಲೇ ನಿಮ್ಮ ಆ್ಯಪ್ ಕೂಡ ಮಾತಾಡತೊಡಗಿದರೆ ಎರಡೂ ಕೇಳಿಸುವುದಿಲ್ಲ. ಇನ್ನು ಕೈ ನಡುಗುವವರಿಗೆ ಬೇಕಾದದ್ದು ಅಗಲವಾದ ಬಟನ್, ನಡುವೆ ಸಾಕಷ್ಟು ಜಾಗ, ಹಣ ಹೋಗುವ ಮುನ್ನ ‘ಸರಿಯೇ?’ ಎಂಬ ಒಂದು ಪ್ರಶ್ನೆ, ಮತ್ತು ಅವಸರ ಮಾಡದ ಒಟಿಪಿ. ಬೆರಳಿಡುವ ಜಾಗ ಕನಿಷ್ಠ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್ ಇರಲಿ ಎನ್ನುತ್ತದೆ ಆಂಡ್ರಾಯ್ಡ್‌ನ ಮಾರ್ಗಸೂಚಿ. ಇದೆಲ್ಲ ಒಂದೇ ಆ್ಯಪ್‌ನಲ್ಲಿ ಆಗುವ ಕೆಲಸ. ಬೇರೆ ಮಾಡಿದ್ದು ಒಂದು ವರ್ಷ ಚೆನ್ನಾಗಿರುತ್ತದೆ. ಆಮೇಲೆ ದೊಡ್ಡದಕ್ಕೆ ಹೊಸ ಸೌಲಭ್ಯಗಳು ಬರುತ್ತವೆ, ಚಿಕ್ಕದನ್ನು ಕೇಳುವವರು ಇರುವುದಿಲ್ಲ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಬೇಕು. ಸಂಘದ ಲೆಕ್ಕಪತ್ರಗಳನ್ನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಆ ಫಾಂಟ್‌ನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ‘ಕನ್ನಡ’ ಎಂಬ ಪದವನ್ನೇ ಅಕ್ಷರ ಅಕ್ಷರವಾಗಿ ಓದಿಸಿದರೆ ನನ್ನ ಕಿವಿಗೆ ಬೀಳುವುದು ‘ಪಿ, ಎ, ಪೌಂಡ್, ಎ’ ಎಂಬಂಥ ಸದ್ದು. ಕನ್ನಡದ ಮನೆಯಲ್ಲೇ ಕನ್ನಡ ಕೇಳಿಸದೆ ಹೋದಾಗ ಆಗುವ ನೋವನ್ನು ಹೇಗೆ ತಿಳಿಸಲಿ? ಕನ್ನಡ ಅಕ್ಷರಗಳನ್ನು ಕನ್ನಡವಾಗಿಯೇ ಉಳಿಸುವ ಯುನಿಕೋಡ್‌ನಲ್ಲಿ ಟೈಪ್ ಮಾಡಿದರೆ ಇದೇ ಫೋನ್ ಅಚ್ಚುಕಟ್ಟಾಗಿ ‘ಕನ್ನಡ’ ಎನ್ನುತ್ತದೆ.

ಆ್ಯಪ್ ಸಿದ್ಧವಾದ ಮೇಲೆ ಟಾಕ್‌ಬ್ಯಾಕ್ ಹಾಕಿ, ಪರದೆಯನ್ನು ಬಟ್ಟೆಯಿಂದ ಮುಚ್ಚಿ, ನೀವೇ ಒಂದು ಕಂತು ಕಟ್ಟಿ ನೋಡಿ. ಆನಂತರ ಆ ಇಬ್ಬರು ಸದಸ್ಯರ ಮನೆಗೆ ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಬೆರಳು ಎಲ್ಲಿ ನಿಂತಿತೋ ಅಲ್ಲಿ ತಪ್ಪು ನಿಮ್ಮದು. ಅರ್ಧ ದಿನದ ಸಂಬಳವನ್ನೂ ಕೊಡಿ, ಏಕೆಂದರೆ ಅವರು ಮಾಡಿದ್ದು ಪರೀಕ್ಷಕರ ಕೆಲಸ.

ಪ್ರಶ್ನೆ: ನನ್ನ ತಂಗಿಗೆ ಮುಖದ ಪಾರ್ಶ್ವವಾಯು. ಬ್ಯಾಂಕ್ ಖಾತೆ ತೆರೆಯುವಾಗ ಆ್ಯಪ್ ‘ಕಣ್ಣು ಮಿಟುಕಿಸಿ’ ಎಂದು ಕೇಳುತ್ತದೆ, ಅವಳಿಂದ ಆಗುವುದಿಲ್ಲ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಅಕ್ಕಾ, ಇದು ನಿಮ್ಮ ತಂಗಿಯ ಕೊರತೆಯಲ್ಲ, ಆ ಆ್ಯಪ್‌ನದು. ಮುಖವನ್ನು ಚೌಕಟ್ಟಿನೊಳಗೆ ತನ್ನಿ ಎಂದು ಅದು ಹೇಳಿದಾಗ ಚೌಕಟ್ಟು ಎಲ್ಲಿದೆ ಎಂದು ಕಾಣದೆ ನಾನೂ ಸೋತಿದ್ದೇನೆ. ಆಸಿಡ್ ದಾಳಿಯಲ್ಲಿ ಮುಖ, ಕಣ್ಣುಗಳಿಗೆ ಹಾನಿಯಾದವರು ಮತ್ತು ದೃಷ್ಟಿಯಿಲ್ಲದ ಒಬ್ಬರು ಇದೇ ತೊಂದರೆಯನ್ನು ಸುಪ್ರೀಂ ಕೋರ್ಟ್ ಮುಂದಿಟ್ಟರು. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ಕೋರ್ಟ್ ತೀರ್ಪು ಕೊಟ್ಟು 20 ನಿರ್ದೇಶನಗಳನ್ನು ನೀಡಿತು. ಕಣ್ಣು ಮಿಟುಕಿಸುವುದಲ್ಲದೆ ಬೇರೆ ದಾರಿಗಳೂ ಇರಬೇಕು ಎಂಬುದು ಅವುಗಳಲ್ಲಿ ಒಂದು. ಕಾಗದದ ಮೇಲೆ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ, ಮಾಡಿಸುವ ಅವಕಾಶವನ್ನೂ ಮುಚ್ಚುವಂತಿಲ್ಲ. ಶಾಖೆಯ ವ್ಯವಸ್ಥಾಪಕರಿಗೆ ತಂಗಿಯ ಹೆಸರಿನಲ್ಲೇ ಅರ್ಜಿ ಬರೆಯಿರಿ, ತೀರ್ಪಿನ ದಿನಾಂಕವನ್ನು ಅದರಲ್ಲಿ ನಮೂದಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ.