ಪೈಪ್ ವೆಲ್ಡರ್ ಆಗಲಾ ಬೇಡ್ವಾ ಅಂತ ಕೇಳಿದ್ದಕ್ಕೆ

ಐಟಿಐ ಮುಗಿಸಿ ಗೇಟು-ಗ್ರಿಲ್ ಅಂಗಡಿಯಲ್ಲಿದ್ದೀರಿ, 6ಜಿ ಅನ್ನುವ ಪೈಪ್ ವೆಲ್ಡಿಂಗ್ ಕೋರ್ಸಿಗೆ ಸಾಲ ಮಾಡಿ ಸೇರಲಾ ಅಂತ ಕೇಳಿದ್ದೀರಿ. ಈಗಲೇ ಸಾಲ ಮಾಡಬೇಡಿ. ನಾನು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಸುರತ್ಕಲ್ ಕಡೆ ರಿಫೈನರಿ, ತೋರಣಗಲ್ಲು, ನಡುವೆ ಎರಡು ವರ್ಷ ಸೌದಿಯ ಜುಬೈಲ್.

ಗ್ರಿಲ್ ಕೆಲಸದಲ್ಲಿ ತಪ್ಪಾದರೆ ಗ್ರೈಂಡರ್ ಹೊಡೆದು ಬಣ್ಣ ಬಳಿದರೆ ಮುಗಿಯಿತು ಅಲ್ವಾ? ಪೈಪಿನಲ್ಲಿ ಎಕ್ಸ್-ರೇ ತೆಗೆಯುತ್ತಾರೆ, ಒಳಗಿನ ಸಣ್ಣ ಗುಳ್ಳೆಯೂ ಫಿಲ್ಮಿನಲ್ಲಿ ಕಾಣುತ್ತದೆ, ಪಕ್ಕದಲ್ಲೇ ನಿಮ್ಮ ವೆಲ್ಡರ್ ನಂಬರ್ ಇರುತ್ತದೆ. 6ಜಿ ಅಂದರೆ ಪೈಪ್ 45 ಡಿಗ್ರಿ ಓರೆಯಾಗಿ ನಿಂತಿರುತ್ತದೆ, ಅದು ತಿರುಗುವುದಿಲ್ಲ, ನಾವೇ ಸುತ್ತಬೇಕು. ಟಿಗ್‌ನಲ್ಲಿ (ಆರ್ಗಾನ್ ಗ್ಯಾಸ್ ಬಿಟ್ಟು ಮಾಡುವ ವೆಲ್ಡಿಂಗ್) ರೂಟ್, ಅಂದರೆ ತಳದ ಮೊದಲ ಪದರ ಹಾಕಿ, ಮೇಲೆ 7018 ಅನ್ನುವ ವೆಲ್ಡಿಂಗ್ ರಾಡಿನಲ್ಲಿ ಫಿಲ್ಲಿಂಗ್ (ನಡುವಿನ ಪದರಗಳು), ಕ್ಯಾಪಿಂಗ್ (ಮೇಲಿನ ಕೊನೆಯ ಪದರ). ಕಷ್ಟ ಇರುವುದು ರೂಟ್‌ನಲ್ಲಿ, ಅದರಲ್ಲೂ ಆರು ಗಂಟೆ ಜಾಗದಲ್ಲಿ, ಅಂದರೆ ಪೈಪಿನ ಹೊಟ್ಟೆಯ ಕೆಳಗೆ. ಅಲ್ಲಿ ಕೆಲವೊಮ್ಮೆ ಮಲಗಿಕೊಂಡು, ಮೊಣಕೈ ಎಲ್ಲಾದರೂ ಊರಿ, ಉಸಿರು ಬಿಗಿಹಿಡಿದು ಬೆಸೆಯಬೇಕು, ಗೋಡೆ ಅಡ್ಡ ಬಂದರೆ ಕನ್ನಡಿ ಇಟ್ಟು ಅದರಲ್ಲಿ ನೋಡಿಕೊಂಡು. ಕನ್ನಡಿಯಲ್ಲಿ ಕೈ ಉಲ್ಟಾ ಕಾಣುತ್ತದೆ. ನನಗೆ ಅದು ಒಗ್ಗಲು ಒಂದು ವರ್ಷ ಹಿಡಿಯಿತು, ಆಗ ಎಷ್ಟು ಸಲ ಬಿಟ್ಟು ಹೋಗೋಣ ಅನ್ನಿಸಿತ್ತೋ.

ಹಾಗಾಗಿ ಮೊದಲು ಪೈಪ್ ಫ್ಯಾಬ್ರಿಕೇಷನ್ ಶಾಪ್ ಒಂದರಲ್ಲಿ ಮೂರು ತಿಂಗಳು ಹೆಲ್ಪರ್ ಆಗಿ ಸೇರಿ. ಬೆವೆಲ್ ಹೊಡೆಯಿರಿ, ಅಂದರೆ ಪೈಪಿನ ಅಂಚು ಓರೆ ಮಾಡಿ, ಎರಡು ಪೈಪಿನ ನಡುವಿನ ಗ್ಯಾಪ್ ಹೊಂದಿಸಿ, ಊಟದ ಹೊತ್ತಲ್ಲಿ ಸ್ಕ್ರ್ಯಾಪ್ ತುಂಡಿನ ಮೇಲೆ ಕೈ ಆಡಿಸಿ. ಕೆಟ್ಟ ರೂಟನ್ನು ಕಿತ್ತು ಮತ್ತೆ ಹಾಕುವುದಕ್ಕೆ ಬೇಜಾರಾಗದಿದ್ದರೆ ಆಮೇಲೆ ಕೋರ್ಸ್. ಸರ್ಟಿಫಿಕೇಟ್ ನೋಡಿ ಯಾರೂ ಸುಮ್ನೆ ಕೆಲಸ ಕೊಡುವುದಿಲ್ಲ, ಹೋದ ಕಡೆಯೆಲ್ಲ ಟೆಸ್ಟ್ ಪೀಸ್ ಕೊಟ್ಟು ಬೆಸೆಯಿರಿ ಅನ್ನುತ್ತಾರೆ. ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ) ನಿಯಮದಲ್ಲಿ 6 ತಿಂಗಳು ಟೆಸ್ಟ್ ಪಾಸಾದ ಬಗೆಯ ವೆಲ್ಡಿಂಗ್ ಮುಟ್ಟದಿದ್ದರೆ ಅರ್ಹತೆಯೇ ಹೋಗುತ್ತದೆ.

ದುಡ್ಡು ಇದೆ, ಆದರೆ ಒಂದೇ ಸಮ ಬರುವುದಿಲ್ಲ. ಶಟ್‌ಡೌನ್ (ರಿಪೇರಿಗೆ ಪ್ಲಾಂಟ್ ನಿಲ್ಲಿಸುವುದು) ಇದ್ದರೆ ದಿನಕ್ಕೆ 12 ಗಂಟೆ, ಭಾನುವಾರವೂ ರಜೆ ಇಲ್ಲ. ಮುಗಿದ ಮೇಲೆ ಒಂದೆರಡು ತಿಂಗಳು ಮನೆಯಲ್ಲಿ ಫೋನ್ ಕಾಯುತ್ತಾ ಕೂರಬೇಕು. ಗಲ್ಫ್ ಏಜೆಂಟ್ ಕಾನೂನು ಪ್ರಕಾರ ತೆಗೆದುಕೊಳ್ಳಬಹುದಾದ ಫೀಸು 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ, ಏಜೆಂಟ್ ನೋಂದಣಿ ಇದೆಯಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ. ಜುಬೈಲಿನ ನನ್ನ ರೂಮ್‌ಮೇಟ್ ಒಂದೂಕಾಲು ಲಕ್ಷ ಕೊಟ್ಟು ಬಂದಿದ್ದ. ಪೈಪ್ ವೆಲ್ಡರ್ ಅಂತ ಕರೆಸಿ, ಕೊಟ್ಟಿದ್ದು ಪೈಪಿಗೆ ಆನಿಕೆಯಾಗಿ ನಿಲ್ಲುವ ಸಪೋರ್ಟ್ ಬೆಸೆಯುವ ಕೆಲಸ, ಸಂಬಳವೂ ಅದಕ್ಕೆ ತಕ್ಕಂತೆ.

ಹೊಗೆ ವಿಷಯದಲ್ಲಿ ಉಡಾಫೆ ಬೇಡ. ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2017ರಲ್ಲೇ ಹೇಳಿದೆ. ಸ್ಟೇನ್‌ಲೆಸ್ ಇದ್ದರಂತೂ ಕರ್ಚೀಫ್ ಸಾಲದು, ಸರಿಯಾದ ಮಾಸ್ಕ್ ಬೇಕು.

ಕನ್ನಡಕ ಇದ್ದರೆ ಆಗುತ್ತಾ ಅಂತಲೂ ಕೇಳಿದ್ದೀರಿ. ಧಾರಾಳವಾಗಿ. ನಾನೇ ಹೆಲ್ಮೆಟ್ ಒಳಗೆ ಪವರ್ ಗ್ಲಾಸ್ ಸಿಕ್ಕಿಸಿಕೊಂಡು ಬೆಸೆಯುತ್ತೇನೆ.